ಕಾಂಪೋಸ್ಟ್ ಕಷಾಯ: ತಯಾರಿಕೆ, ಬಳಕೆ ಮತ್ತು ಮಿತಿ

ಬೇಸಾಯದಲ್ಲಿ ಗೊಬ್ಬರದ ಮಹತ್ವವನ್ನು ರೈತರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ತಿಪ್ಪೆಯನ್ನು ನೋಡಿ ಒಕ್ಕಲುತನವನ್ನು ಅಳೆಯುವ ವಾಡಿಕೆ ಹಳ್ಳಿಗಳಲ್ಲಿ ಹಿಂದಿನಿಂದ ಬಂದದ್ದು. ಆದರೆ ಈಗ ಅನೇಕ ಮನೆಗಳಲ್ಲಿ ದನಕರುಗಳ ಸಂಖ್ಯೆ ಕಡಿಮೆಯಾಗಿದೆ. ಒಂದೆರಡು ಎಕರೆಯಲ್ಲಿ ಸಾವಯವ ಪದ್ಧತಿಯಿಂದ ತರಕಾರಿ ಬೆಳೆಯುವ ಸಣ್ಣ ರೈತರಿಗೆ ಬೇಕಾದಷ್ಟು ಕಾಂಪೋಸ್ಟ್ ಸಿಗುವುದು ಕಷ್ಟವಾಗಿದೆ. ಇಂಥ ಸಂದರ್ಭದಲ್ಲಿ ಸ್ವಲ್ಪ ಕಾಂಪೋಸ್ಟನ್ನು ನೀರಿನಲ್ಲಿ ನೆನೆಸಿ, ಅದರ ಸಾರವನ್ನು ಬೆಳೆಗೆ ಕೊಡುವ ವಿಧಾನ ಹಲವರ ಗಮನ ಸೆಳೆದಿದೆ. ಇದನ್ನು ಕಾಂಪೋಸ್ಟ್ ಟೀ ಅಥವಾ ಕಾಂಪೋಸ್ಟ್ ಕಷಾಯ ಎನ್ನುತ್ತಾರೆ.

ಈ ಕಷಾಯದಿಂದ ಪ್ರಯೋಜನವಿದೆ. ಆದರೆ ಅದರ ಬಗ್ಗೆ ಕೇಳಿಬರುವ ಮಾತುಗಳೆಲ್ಲ ನಿಜವಲ್ಲ. ತಪ್ಪು ಕ್ರಮದಿಂದ ತಯಾರಿಸಿ ತಪ್ಪು ಬೆಳೆಗೆ ಸಿಂಪಡಿಸಿದರೆ ತಿನ್ನುವವರ ಆರೋಗ್ಯಕ್ಕೂ ಅಪಾಯವುಂಟು. ಆದ್ದರಿಂದ ಇದನ್ನು ಹೇಗೆ ತಯಾರಿಸಬೇಕು, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ಮೂರು ವಿಷಯಗಳನ್ನೂ ಒಟ್ಟಿಗೆ ತಿಳಿಯುವುದು ಅವಶ್ಯಕ.

ಕಾಂಪೋಸ್ಟ್ ಕಷಾಯವೆಂದರೇನು?

ಹೆಸರು ಕಷಾಯವಾದರೂ ಇದನ್ನು ಕುದಿಸುವುದಿಲ್ಲ. ಚೆನ್ನಾಗಿ ಕಳಿತ ಕಾಂಪೋಸ್ಟನ್ನು ತಣ್ಣೀರಿನಲ್ಲಿ ನೆನೆಸಿ ತೆಗೆದ ಸಾರವೇ ಈ ಕಷಾಯ. ಇದರಲ್ಲಿ ಎರಡು ಬಗೆಯ ವಸ್ತುಗಳಿರುತ್ತವೆ. ಒಂದು, ನೀರಿನಲ್ಲಿ ಕರಗುವ ಸಸ್ಯಾಹಾರ. ಪೊಟ್ಯಾಷ್ ಮತ್ತು ನೈಟ್ರೇಟ್ ರೂಪದ ಸಾರಜನಕ ಸುಲಭವಾಗಿ ಕರಗಿ ಬರುತ್ತವೆ. ರಂಜಕ ಅಷ್ಟಾಗಿ ಬರುವುದಿಲ್ಲ. ಎರಡು, ಕಾಂಪೋಸ್ಟಿನಲ್ಲಿರುವ ಸೂಕ್ಷ್ಮಾಣು ಜೀವಿಗಳು. ಒಳ್ಳೆಯ ಕಾಂಪೋಸ್ಟಿನ ಒಂದೊಂದು ಗ್ರಾಮಿನಲ್ಲಿಯೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು, ಅವುಗಳ ಜೊತೆಗೆ ಶಿಲೀಂಧ್ರಗಳು ಮತ್ತು ಪ್ರೊಟೊಜೋವಾಗಳು ಇರುತ್ತವೆ. ಇವುಗಳಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ.

ತಯಾರಿಕೆಯಲ್ಲಿ ಮೂರು ಬಗೆಗಳಿವೆ:

1. ಅಂದಂದಿನ ಸಾರ: ಕಾಂಪೋಸ್ಟನ್ನು ನೀರಿಗೆ ಹಾಕಿ ಅರ್ಧ ಗಂಟೆ ಚೆನ್ನಾಗಿ ಕಲಕಿ, ಸೋಸಿ, ಅದೇ ದಿನ ಬಳಸುವುದು.

2. ಗಾಳಿಯಾಡಿಸಿದ ಕಷಾಯ: ಸಣ್ಣ ಪಂಪಿನಿಂದ ನೀರಿನೊಳಕ್ಕೆ ಗಾಳಿ ಹಾಯಿಸುತ್ತ 24ರಿಂದ 36 ಗಂಟೆಗಳಲ್ಲಿ ತಯಾರಿಸುವುದು.

3. ಗಾಳಿಯಾಡಿಸದ ಕಷಾಯ: ನೀರಿನಲ್ಲಿ ನೆನೆಹಾಕಿ, ಆಗಾಗ ಕಲಕುತ್ತ ಒಂದೆರಡು ವಾರ ಬಿಡುವುದು.

ಸಣ್ಣ ರೈತರಿಗೆ ಮೊದಲ ಎರಡು ಬಗೆಗಳೇ ಸೂಕ್ತ. ಮೂರನೆಯದರಲ್ಲಿ ಆಮ್ಲಜನಕ ಮುಗಿದು ದುರ್ವಾಸನೆ ಹುಟ್ಟುವ ಸಂಭವ ಹೆಚ್ಚು. ಒಮ್ಮೆ ತಯಾರಿಸಿದಂತೆ ಇನ್ನೊಮ್ಮೆ ಬರುತ್ತದೆಂಬ ಭರವಸೆಯೂ ಇರುವುದಿಲ್ಲ.

ಇದು ಗೊಬ್ಬರಕ್ಕೆ ಬದಲಿಯೇ?

ಅಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಲೆಕ್ಕ ಹಾಕಿ ತೋರಿಸುವುದು ಮೇಲು. 200 ಲೀಟರ್ ಕಷಾಯಕ್ಕೆ ಸುಮಾರು 12 ಕಿಲೋ ಹಸಿ ಕಾಂಪೋಸ್ಟ್ ಬೇಕು. ಅದರಲ್ಲಿ ನೂರಕ್ಕೆ 40ರಷ್ಟು ನೀರಿನ ಅಂಶವನ್ನು ಕಳೆದರೆ ಒಣ ತೂಕ ಸುಮಾರು 7 ಕಿಲೋ. ಒಣ ತೂಕದಲ್ಲಿ ನೂರಕ್ಕೆ 1ರಷ್ಟು ಸಾರಜನಕವಿದೆಯೆಂದು ಇಟ್ಟುಕೊಂಡರೆ ಒಟ್ಟು ಸಾರಜನಕ 70 ಗ್ರಾಂ ಆಯಿತು. ಅದೂ ಪೂರ್ತಿ ನೀರಿಗೆ ಇಳಿಯುವುದಿಲ್ಲ.

ಇನ್ನು ಬೆಳೆಯ ಅಗತ್ಯವನ್ನು ಗಮನಿಸಬಹುದು. ಮಳೆಯಾಶ್ರಿತ ರಾಗಿಗೆ ಶಿಫಾರಸು ಮಾಡಿರುವ ಸಾರಜನಕ ಹೆಕ್ಟೇರಿಗೆ 50 ಕಿಲೋ, ಅಂದರೆ ಎಕರೆಗೆ 20 ಕಿಲೋ. ಇದರ ಮುಂದೆ 70 ಗ್ರಾಂ ಎಂಬುದು 285ರಲ್ಲಿ ಒಂದು ಪಾಲು ಮಾತ್ರ. ನಾಲ್ಕು ಸಲ ಕೊಟ್ಟರೂ ಬೆಳೆಯ ಹೊಟ್ಟೆ ತುಂಬುವುದಿಲ್ಲ. ಅದೇ ಗುಣಮಟ್ಟದ ಕಾಂಪೋಸ್ಟನ್ನು ಎಕರೆಗೆ 3 ಟನ್ ಹಾಕಿದರೆ ಸುಮಾರು 18 ಕಿಲೋ ಸಾರಜನಕ ಭೂಮಿಗೆ ಸೇರುತ್ತದೆ. ಅದು ಒಂದೇ ವರ್ಷದಲ್ಲಿ ಬೆಳೆಗೆ ಪೂರ್ತಿ ದೊರೆಯದಿದ್ದರೂ ಮುಂದಿನ ಬೆಳೆಗೆ ಉಳಿಯುತ್ತದೆ, ಜೊತೆಗೆ ಮಣ್ಣಿನ ತೇವ ಹಿಡಿಯುವ ಗುಣವನ್ನೂ ಹೆಚ್ಚಿಸುತ್ತದೆ.

ಉಪ್ಪಿನಕಾಯಿ ರುಚಿ ಕೊಟ್ಟೀತು, ಊಟವಾಗಲಾರದು. ಕಷಾಯವೂ ಹಾಗೆಯೇ. ತಿಪ್ಪೆಯನ್ನು ಮರೆತು ಪೀಪಾಯಿಯನ್ನೇ ನಂಬಿದ ಹೊಲ ಎರಡು ಮೂರು ಬೆಳೆಗಳಲ್ಲಿ ಸೊರಗುವುದು ಖಂಡಿತ.

ಕಾಂಪೋಸ್ಟಿನ ಆಯ್ಕೆ

ಕಷಾಯದ ಗುಣ ಕಾಂಪೋಸ್ಟಿನ ಗುಣವನ್ನು ಮೀರುವುದಿಲ್ಲ. ಕೆಟ್ಟ ಕಾಂಪೋಸ್ಟಿನಿಂದ ಒಳ್ಳೆಯ ಕಷಾಯ ಬಾರದು.

ನಮ್ಮ ದೇಶದಲ್ಲಿ ಕಾಂಪೋಸ್ಟ್ ತಯಾರಿಕೆಗೆ ಎರಡು ಪದ್ಧತಿಗಳು ಹೆಸರಾಗಿವೆ. ಆಲ್ಬರ್ಟ್ ಹೋವರ್ಡ್ ಅವರು 1924ರಿಂದ 1931ರವರೆಗೆ ಇಂದೂರಿನಲ್ಲಿ ಕೆಲಸ ಮಾಡಿ ರೂಢಿಗೆ ತಂದದ್ದು ಇಂದೂರ್ ಪದ್ಧತಿ. ಇದರಲ್ಲಿ ರಾಶಿಯನ್ನು ಆಗಾಗ ತಿರುವಿ ಹಾಕುವುದರಿಂದ ಗಾಳಿಯಾಡಿ ಒಳಗೆ ಒಳ್ಳೆಯ ಕಾವು ಹುಟ್ಟುತ್ತದೆ. ಎರಡನೆಯದು, ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಬೆಂಗಳೂರು ಪದ್ಧತಿ. ಇದರಲ್ಲಿ ತಿರುವಿ ಹಾಕುವ ಶ್ರಮವಿಲ್ಲ. ಗುಂಡಿಯನ್ನು ತುಂಬಿ, ಮೇಲೆ ಮಣ್ಣು ಬಳಿದು 6ರಿಂದ 8 ತಿಂಗಳು ಬಿಡಲಾಗುತ್ತದೆ. ಹೊಲಕ್ಕೆ ಹಾಕಲು ಎರಡೂ ಒಳ್ಳೆಯವೇ. ಆದರೆ ಕಷಾಯಕ್ಕೆ ತಿರುವಿ ಹಾಕಿ, ಕಾವಿನಲ್ಲಿ ಬೆಂದ ಕಾಂಪೋಸ್ಟನ್ನೇ ಆರಿಸಿಕೊಳ್ಳಬೇಕು.

ಇದಕ್ಕೆ ಕಾರಣವಿದೆ. ಹಸಿ ಸಗಣಿಯಲ್ಲಿ ಮನುಷ್ಯರಿಗೆ ಭೇದಿ, ಜ್ವರ ತರುವ ಇ. ಕೋಲೈ ಮತ್ತು ಸಾಲ್ಮೊನೆಲ್ಲ ಗುಂಪಿನ ರೋಗಾಣುಗಳು ಇರಬಹುದು. ರಾಶಿಯ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ಮೀರಿ ಹಲವು ದಿನ ನಿಂತರೆ ಇವು ಸಾಯುತ್ತವೆ. ರಾಶಿಯ ಹೊರಮೈ ಅಷ್ಟು ಕಾಯುವುದಿಲ್ಲವಾದ್ದರಿಂದ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ತಿರುವಬೇಕು. ಅಮೆರಿಕದ ಸಾವಯವ ನಿಯಮಗಳಲ್ಲಿ ಬಯಲಿನ ಸಾಲುರಾಶಿಗೆ 15 ದಿನಗಳ ಕಾಲ 55 ಡಿಗ್ರಿಗೂ ಮೇಲಿನ ಕಾವು ಮತ್ತು ಆ ಅವಧಿಯಲ್ಲಿ ಕನಿಷ್ಠ 5 ಸಲ ತಿರುವುವುದನ್ನು ವಿಧಿಸಲಾಗಿದೆ. ಈ ಕ್ರಮ ಇಲ್ಲಿಯೂ ಅನುಸರಿಸಲು ಯೋಗ್ಯವಾದದ್ದು.

ಕಾವನ್ನು ಅಳೆಯಲು ಉದ್ದ ಕಡ್ಡಿಯ ಥರ್ಮಾಮೀಟರ್ ಇದ್ದರೆ ಉತ್ತಮ. ಇಲ್ಲವಾದರೆ ಕಬ್ಬಿಣದ ಹಾರೆಯನ್ನು ರಾಶಿಯ ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಹೊರತೆಗೆದು ಮುಟ್ಟಿ ನೋಡಬೇಕು. ಕೈಯಲ್ಲಿ ಹಿಡಿದುಕೊಳ್ಳಲಾಗದಷ್ಟು ಬಿಸಿಯಿದ್ದರೆ ರಾಶಿ ಚೆನ್ನಾಗಿ ಕಾದಿದೆ ಎಂದು ಅಂದಾಜು ಮಾಡಬಹುದು.

ಕಾವು ಇಳಿದ ಮೇಲೆ ಒಂದೆರಡು ತಿಂಗಳು ನೆರಳಿನಲ್ಲಿ ಮಾಗಿಸಬೇಕು. ಕಳಿತ ಕಾಂಪೋಸ್ಟ್ ಕಪ್ಪು ಮಿಶ್ರಿತ ಕಂದು ಬಣ್ಣ, ಉದುರಾದ ಮೈ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಹೊಂದಿರುತ್ತದೆ. ಸಗಣಿಯ ವಾಸನೆ ಇನ್ನೂ ಉಳಿದಿದ್ದರೆ ಕಾಯಬೇಕು. ಎರೆಗೊಬ್ಬರ ಕಾವಿನಲ್ಲಿ ಬೆಂದದ್ದಲ್ಲ. ಅದನ್ನು ಬಳಸುವುದಾದರೆ ಎರೆಹುಳುಗಳಿಗೆ ಹಾಕುವ ಮೊದಲೇ ಸಗಣಿ ಮತ್ತು ಕಸವನ್ನು ರಾಶಿ ಹಾಕಿ ಕಾಯಿಸಿರಬೇಕು.

ನೀರು ಮತ್ತು ಸಲಕರಣೆಗಳು

ನೀರು ಕುಡಿಯಲು ಯೋಗ್ಯವಾಗಿರಬೇಕು. ದನಕರುಗಳು ಇಳಿಯುವ ಕೆರೆಕಟ್ಟೆಗಳ ನೀರು ಬೇಡ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಸೂಕ್ಷ್ಮಾಣು ಜೀವಿಗಳಿಗೆ ಮಾರಕ. ಬಾಯಿ ತೆರೆದ ಪಾತ್ರೆಯಲ್ಲಿ ಒಂದು ದಿನ ಬಿಟ್ಟರೆ ಅದು ಹೊರಟುಹೋಗುತ್ತದೆ. ಕೊಳವೆ ಬಾವಿಯ ನೀರು ಉಪ್ಪಾಗಿದ್ದರೆ ಅಂಥ ಕಷಾಯವನ್ನು ಎಲೆಗಳಿಗೆ ಸಿಂಪಡಿಸಬಾರದು.

ಬೇಕಾಗುವ ಸಲಕರಣೆಗಳು: 200 ಲೀಟರ್ ಹಿಡಿಯುವ ಪ್ಲಾಸ್ಟಿಕ್ ಪೀಪಾಯಿ, ಸೊಳ್ಳೆಪರದೆಯಂಥ ಜಾಲರಿ ಬಟ್ಟೆಯ ಚೀಲ, ಗಾಳಿ ಪಂಪು, ಅದರ ಕೊಳವೆ ಮತ್ತು ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಕಲ್ಲುಗಳು, ಕಲಕಲು ಉದ್ದನೆಯ ಕೋಲು, ಸೋಸಲು ತೆಳು ಬಟ್ಟೆ. ಕೀಟನಾಶಕ ಅಥವಾ ಕಳೆನಾಶಕ ತುಂಬಿದ್ದ ಪೀಪಾಯಿಯನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬಾರದು. ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಪಂಪು 20 ಲೀಟರಿನ ಬಕೆಟ್ಟಿಗೆ ಸಾಕಾಗುತ್ತದೆಯೇ ಹೊರತು 200 ಲೀಟರಿನ ಪೀಪಾಯಿಗೆ ಸಾಲದು. ಪೀಪಾಯಿಯ ನೀರೆಲ್ಲ ತಳದಿಂದ ಮೇಲಕ್ಕೆ ಹೊರಳುವಷ್ಟು ಗಾಳಿ ಬೇಕು.

ತಯಾರಿಸುವ ವಿಧಾನ

1. ಪೀಪಾಯಿಯನ್ನು ನೆರಳಿನಲ್ಲಿ, ದನದ ಕೊಟ್ಟಿಗೆಯಿಂದ ದೂರದಲ್ಲಿ ಇಡಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಕಷಾಯದಲ್ಲಿ ಇದು 5 ಮಿಲಿಗ್ರಾಮಿಗಿಂತ ಕೆಳಗೆ ಇಳಿಯಬಾರದು.

2. ಪೀಪಾಯಿಗೆ 180 ಲೀಟರ್ ನೀರು ತುಂಬಿ, ಪಂಪನ್ನು ಚಾಲೂ ಮಾಡಬೇಕು.

3. 20 ಲೀಟರಿನ ಒಂದು ಬಕೆಟ್ ಕಾಂಪೋಸ್ಟನ್ನು ಚೀಲಕ್ಕೆ ಸಡಿಲವಾಗಿ ತುಂಬಿ, ಬಾಯಿ ಕಟ್ಟಿ, ನೀರಿನಲ್ಲಿ ಮುಳುಗುವಂತೆ ತೂಗುಹಾಕಬೇಕು. ಒತ್ತಿ ತುಂಬಿದರೆ ನಡುವಿನ ಗೊಬ್ಬರಕ್ಕೆ ಗಾಳಿ ತಲುಪುವುದಿಲ್ಲ.

4. ಮೂರು ನಾಲ್ಕು ಗಂಟೆಗೊಮ್ಮೆ ಚೀಲವನ್ನು ಅಲುಗಿಸಿ, ಕೋಲಿನಿಂದ ತಳದವರೆಗೆ ಕಲಕಬೇಕು.

5. 24 ಗಂಟೆಗಳಲ್ಲಿ ಕಷಾಯ ಸಿದ್ಧವಾಗುತ್ತದೆ. ಚಳಿಗಾಲದಲ್ಲಿ 36 ಗಂಟೆ ಬಿಡಬಹುದು. ಅದಕ್ಕಿಂತ ಹೆಚ್ಚು ಬಿಡುವುದರಿಂದ ಲಾಭವಿಲ್ಲ.

6. ಚೀಲವನ್ನು ಎತ್ತಿ, ಬಟ್ಟೆಯಲ್ಲಿ ಸೋಸಿ, ಪಂಪು ನಿಲ್ಲಿಸಿದ 4ರಿಂದ 6 ಗಂಟೆಗಳೊಳಗೆ ಬಳಸಿ ಮುಗಿಸಬೇಕು. ಮುಚ್ಚಳ ಹಾಕಿ ಇಟ್ಟರೆ ಒಳಗಿನ ಜೀವಿಗಳು ಆಮ್ಲಜನಕವನ್ನೆಲ್ಲ ತೀರಿಸಿ ಕಷಾಯ ಕೆಡುತ್ತದೆ. ಚೀಲದಲ್ಲಿ ಉಳಿದ ಗೊಬ್ಬರವನ್ನು ಹೊಲಕ್ಕೆ ಹಾಕಬೇಕು. ಅದರಲ್ಲಿ ಸತ್ವ ಇನ್ನೂ ಬಹಳ ಇರುತ್ತದೆ.

7. ಪೀಪಾಯಿ, ಚೀಲ, ಕೊಳವೆಗಳನ್ನು ಆಗಲೇ ಉಜ್ಜಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಲೋಳೆ ಕಟ್ಟಿದ ಪೀಪಾಯಿಯಲ್ಲಿ ಮುಂದಿನ ಸಲ ಒಳ್ಳೆಯ ಕಷಾಯ ಬರುವುದಿಲ್ಲ.

ಸಿದ್ಧವಾದ ಕಷಾಯಕ್ಕೆ ಮಣ್ಣಿನ ವಾಸನೆ ಇರಬೇಕು. ಹುಳಿ ಅಥವಾ ಕೊಳೆತ ವಾಸನೆ ಬಂದರೆ ಬೆಳೆಗೆ ಹಾಕದೆ ಕಾಂಪೋಸ್ಟ್ ರಾಶಿಯ ಮೇಲೆ ಸುರಿಯಬೇಕು. ಮೇಲೆ ನೊರೆ ಬಂದದ್ದು ಒಳ್ಳೆಯ ಕಷಾಯದ ಗುರುತಲ್ಲ.

ತಾಸುಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಪಂಪನ್ನು ನಂಬುವಂತಿಲ್ಲ. ಅಲ್ಲಿ ಅಂದಂದಿನ ಸಾರವೇ ಲೇಸು. ಒಂದು ಪಾಲು ಕಾಂಪೋಸ್ಟಿಗೆ 10 ಪಾಲು ನೀರು ಸೇರಿಸಿ, ಅರ್ಧ ಗಂಟೆ ಬಲವಾಗಿ ಕಲಕಿ, ಸೋಸಿ, ಆಗಲೇ ಬುಡಕ್ಕೆ ಹಾಕಬೇಕು. ಇದಕ್ಕೆ ಖರ್ಚೂ ಇಲ್ಲ, ಕೆಡುವ ಭಯವೂ ಕಡಿಮೆ.

ಬೆಲ್ಲ ಸೇರಿಸಬಹುದೇ?

ರೈತರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಬೆಲ್ಲ ಅಥವಾ ಕಾಕಂಬಿ ಹಾಕಿದರೆ ಸೂಕ್ಷ್ಮಾಣು ಜೀವಿಗಳು ಬೇಗ ಹೆಚ್ಚುತ್ತವೆ ಎಂಬುದು ನಿಜ. ಆದರೆ ಸಿಹಿಗೆ ಬರುವ ಇರುವೆಯಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲದಂತೆ, ಬೆಲ್ಲಕ್ಕೆ ಉಪಕಾರಿ ಜೀವಿಗಳ ಜೊತೆಗೆ ರೋಗಾಣುಗಳೂ ಹೆಚ್ಚುತ್ತವೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಕಾಕಂಬಿಯ ಪ್ರಮಾಣ ಏರಿದಂತೆ ಕಷಾಯದಲ್ಲಿ ಇ. ಕೋಲೈ ಮತ್ತು ಸಾಲ್ಮೊನೆಲ್ಲ ರೋಗಾಣುಗಳ ಬೆಳವಣಿಗೆಯೂ ಏರಿತು. 2007ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯೂ ಇಂಥ ಪೋಷಕ ವಸ್ತುಗಳನ್ನು ಸೇರಿಸಿದಾಗ ರೋಗಾಣುಗಳು ಬೆಳೆಯುತ್ತವೆ, ಸೇರಿಸದಿದ್ದಾಗ ಬೆಳೆಯುವುದಿಲ್ಲ ಎಂದು ತೋರಿಸಿತು. ಆದ್ದರಿಂದ ಕಾಂಪೋಸ್ಟ್ ಮತ್ತು ನೀರಿನ ಹೊರತು ಬೇರೇನನ್ನೂ ಸೇರಿಸದಿರುವುದೇ ಕ್ಷೇಮ.

ನಮ್ಮಲ್ಲಿ ಬಳಕೆಯಲ್ಲಿರುವ ಜೀವಾಮೃತದ ವಿಷಯವನ್ನೂ ಇಲ್ಲಿ ಹೇಳಬೇಕು. 200 ಲೀಟರ್ ನೀರಿಗೆ 10 ಕಿಲೋ ಹಸಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು ಮತ್ತು ಒಂದು ಹಿಡಿ ಮಣ್ಣು ಸೇರಿಸಿ ಇದನ್ನು ಕಳಿಯಿಸುತ್ತಾರೆ. ಇದು ಕಾಂಪೋಸ್ಟ್ ಕಷಾಯವಲ್ಲ. ಇದರಲ್ಲಿರುವುದು ಕಾವಿನಲ್ಲಿ ಬೇಯದ ಹಸಿ ಸಗಣಿ. ಬೆಲ್ಲ ನೂರಕ್ಕೆ 1ರಷ್ಟಿದೆ. ತೆಂಗು, ಅಡಿಕೆ, ಬಾಳೆಯ ಬುಡಕ್ಕೆ ಅಥವಾ ಬಿತ್ತನೆಗೆ ಮುನ್ನ ಭೂಮಿಗೆ ಕೊಡುವುದು ಬೇರೆ ಮಾತು. ಕೊತ್ತಂಬರಿ, ಪುದೀನ, ಸೌತೆ, ಮೂಲಂಗಿ, ಕ್ಯಾರೆಟ್ ಮುಂತಾಗಿ ಹಸಿಯಾಗಿ ತಿನ್ನುವ ಬೆಳೆಗಳ ಮೇಲೆ ಸಿಂಪಡಿಸಬಾರದು.

ಅಮೆರಿಕದ ಸಾವಯವ ನಿಯಮದ ಪ್ರಕಾರ ಹಸಿ ಗೊಬ್ಬರ ಹಾಕಿದ ಮೇಲೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ 120 ದಿನ, ತಾಗದ ಬೆಳೆಯಾದರೆ 90 ದಿನ ಕಳೆಯದೆ ಕೊಯ್ಲು ಮಾಡುವಂತಿಲ್ಲ. ಕೊತ್ತಂಬರಿ ಸೊಪ್ಪು 40–45 ದಿನಗಳಲ್ಲೇ ಕೊಯ್ಲಿಗೆ ಬರುತ್ತದೆ. ಅಂದಮೇಲೆ ನಿಂತ ಸೊಪ್ಪಿಗೆ ಹಸಿ ಸಗಣಿಯ ನೀರನ್ನು ಕೊಡಲು ಅವಕಾಶವೇ ಇಲ್ಲವೆಂದಾಯಿತು. ಪೇಟೆಯಲ್ಲಿ ಸಾವಯವ ಸೊಪ್ಪು ಕೊಳ್ಳುವವರು ವಿಷವಿಲ್ಲದ ಆಹಾರವೆಂದು ನಂಬಿ ಮಕ್ಕಳಿಗೆ ಕೊಡುತ್ತಾರೆ. ಆ ನಂಬಿಕೆ ಒಮ್ಮೆ ಕೆಟ್ಟರೆ ಮತ್ತೆ ಗಳಿಸುವುದು ಸುಲಭವಲ್ಲ.

ಬಳಸುವ ಕ್ರಮ

ಸಸಿಮಡಿಗೆ: ಕಷಾಯದ ಬಳಕೆಗೆ ಇದು ಅತ್ಯಂತ ಸೂಕ್ತವಾದ ಜಾಗ. ಏಳೂವರೆ ಮೀಟರ್ ಉದ್ದ, 1.2 ಮೀಟರ್ ಅಗಲದ ಮಡಿಗೆ 18ರಿಂದ 20 ಲೀಟರ್ ಕಷಾಯವನ್ನು ರೋಸ್‌ಕ್ಯಾನಿನಿಂದ ಸಮನಾಗಿ ಹಾಕಬೇಕು. ಬಿತ್ತಿದ ದಿನ ಒಮ್ಮೆ, 8–10 ದಿನಗಳ ನಂತರ ಇನ್ನೊಮ್ಮೆ ಕೊಟ್ಟರೆ ಸಾಕು. ಮಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು.

ನಾಟಿ ಮಾಡುವಾಗ: ಟೊಮ್ಯಾಟೊ, ಬದನೆ, ಮೆಣಸಿನ ಸಸಿಗಳ ಬೇರುಗಳನ್ನು 10–15 ನಿಮಿಷ ಕಷಾಯದಲ್ಲಿ ಅದ್ದಿ ನೆಡಬಹುದು.

ನಿಂತ ಬೆಳೆಯ ಬುಡಕ್ಕೆ: ಎಕರೆಗೆ 200 ಲೀಟರಿನಂತೆ, ಬೇಕಾದಷ್ಟು ನೀರು ಬೆರೆಸಿ, ಸಾಲುಗಳಲ್ಲಿ ಬುಡಕ್ಕೆ ಬೀಳುವಂತೆ ಹಾಕಬೇಕು. ಮಣ್ಣು ಹಸಿಯಾಗಿರಬೇಕು, ಒಣ ಮಣ್ಣಿಗೆ ಹಾಕಿದರೆ ಜೀವಿಗಳು ಬದುಕುವುದಿಲ್ಲ. 15 ದಿನಗಳಿಗೊಮ್ಮೆ 3–4 ಸಲ ಕೊಡಬಹುದು. ಹನಿ ನೀರಾವರಿಯಲ್ಲಿ ಕೊಡುವುದಾದರೆ ಎರಡು ಸಲ ಸೋಸಿ, ಕೊಟ್ಟ ಮೇಲೆ ಕೊಳವೆಗಳಲ್ಲಿ ಬರೀ ನೀರು ಹರಿಸಿ ತೊಳೆಯಬೇಕು. ಇಲ್ಲವಾದರೆ ರಂಧ್ರಗಳು ಕಟ್ಟಿಕೊಳ್ಳುತ್ತವೆ.

ಎಲೆಗಳಿಗೆ: ಬೇಯಿಸಿ ತಿನ್ನುವ ಬೆಳೆಗಳಿಗೆ ಮಾತ್ರ, ಅದೂ ಕಾಯಿ ಕಚ್ಚುವ ಮೊದಲು ಸಿಂಪಡಿಸಬಹುದು. ಒಂದು ಪಾಲು ಕಷಾಯಕ್ಕೆ 5 ಪಾಲು ನೀರು ಬೆರೆಸಿ, ಸಂಜೆಯ ತಂಪಿನಲ್ಲಿ, ಎಲೆಯ ಅಡಿಯೂ ನೆನೆಯುವಂತೆ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಜೀವಿಗಳು ಬೇಗ ಸಾಯುತ್ತವೆ. ಕಳೆನಾಶಕಕ್ಕೆ ಬಳಸಿದ ಸಿಂಪರಣಾ ಯಂತ್ರ ಬೇಡ. ಬೋರ್ಡೋ ದ್ರಾವಣ ಅಥವಾ ಬೇರೆ ತಾಮ್ರದ ಔಷಧಿಗಳೊಂದಿಗೆ ಬೆರೆಸಬಾರದು. ತಾಮ್ರ ಈ ಜೀವಿಗಳನ್ನೂ ಕೊಲ್ಲುತ್ತದೆ. ಸಿಂಪಡಿಸುವವರು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈಕಾಲು ತೊಳೆಯಬೇಕು.

ರೋಗಗಳು ಹತೋಟಿಗೆ ಬರುತ್ತವೆಯೇ?

ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯದಲ್ಲಿ ವೆಲ್ಟ್ಸಿಯನ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಗಾಳಿಯಾಡಿಸದ ಕಷಾಯವನ್ನು ದ್ರಾಕ್ಷಿ, ಆಲೂಗಡ್ಡೆ ಮುಂತಾದ ಬೆಳೆಗಳ ಎಲೆರೋಗಗಳ ಮೇಲೆ ಪ್ರಯೋಗಿಸಿ, ಕೆಲವು ರೋಗಗಳು ಕಡಿಮೆಯಾದುದನ್ನು ಕಂಡರು. ಆ ಮೇಲೆ ಇತರ ದೇಶಗಳಲ್ಲಿಯೂ ಕೆಲಸ ನಡೆಯಿತು. ಅಮೆರಿಕದ ಆರಿಗಾನ್ ರಾಜ್ಯದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೌತೆಯ ಎಳೆಸಸಿಗಳು ಪಿಥಿಯಂ ಶಿಲೀಂಧ್ರದಿಂದ ಬುಡ ಕೊಳೆತು ಸಾಯುವುದನ್ನು ಕಷಾಯ ತಡೆಯಬಲ್ಲುದೆಂದು ಕಂಡುಬಂತು. ಆದರೆ ಕಾಕಂಬಿ ಆಧಾರಿತ ಪೋಷಕ ಹಾಕಿದ ಕಷಾಯ ಒಮ್ಮೆ ಫಲ ಕೊಟ್ಟರೆ ಒಮ್ಮೆ ಕೊಡಲಿಲ್ಲ. ಖರ್ಚಾಗದೆ ಉಳಿದ ಪೋಷಕಾಂಶ ರೋಗ ತಡೆಯುವ ಗುಣಕ್ಕೆ ಅಡ್ಡಿಯಾಗಬಹುದೆಂಬ ಸೂಚನೆ ದೊರೆಯಿತು. ಅದೇ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಜೆರೇನಿಯಂ ಗಿಡದ ಎಲೆಗಳ ಬೂದುಬಣ್ಣದ ಬೂಸ್ಟು ರೋಗವನ್ನು ಹೆಚ್ಚಿನ ಕಷಾಯಗಳು ಗಣನೀಯವಾಗಿ ತಡೆಯಲಿಲ್ಲ.

ಒಟ್ಟಿನಲ್ಲಿ, ಸಸಿಮಡಿಯ ರೋಗಕ್ಕೆ ಸ್ವಲ್ಪಮಟ್ಟಿನ ರಕ್ಷಣೆ ನಿರೀಕ್ಷಿಸಬಹುದು. ಎಲೆರೋಗಗಳ ವಿಷಯದಲ್ಲಿ ಇದನ್ನು ಔಷಧಿಯೆಂದು ನೆಚ್ಚಿಕೊಳ್ಳುವಂತಿಲ್ಲ. ಮೋಡ ಕವಿದು ತುಂತುರು ಮಳೆ ಹಿಡಿದಾಗ ಟೊಮ್ಯಾಟೊ, ಆಲೂಗಡ್ಡೆಗಳಿಗೆ ತಗಲುವ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ತೋಟವನ್ನು ಸುಟ್ಟುಬಿಡುತ್ತದೆ. ಆಗ ಕಷಾಯವನ್ನೇ ನಂಬಿ ಕೂರದೆ ಸಾವಯವ ಪದ್ಧತಿಯಲ್ಲಿ ಅನುಮತಿಯಿರುವ ಸಸ್ಯಸಂರಕ್ಷಣಾ ಕ್ರಮಗಳನ್ನು ಕೂಡಲೇ ಕೈಗೊಳ್ಳಬೇಕು.

ತಮ್ಮ ಹೊಲದಲ್ಲೇ ಪರೀಕ್ಷೆ

ಪಕ್ಕದ ಹೊಲದವರು ಹೇಳಿದರೆಂದು ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ. ಪ್ರತಿಯೊಬ್ಬ ರೈತರೂ ಒಂದು ಬೆಳೆಯಲ್ಲಿ ಪರೀಕ್ಷಿಸಿ ತಿಳಿಯಬಹುದು. ಒಂದೇ ದಿನ ನಾಟಿ ಮಾಡಿದ ತಾಕಿನಲ್ಲಿ ಪಕ್ಕಪಕ್ಕದ ಮೂರು ಪಟ್ಟಿಗಳನ್ನು ಗುರುತು ಮಾಡಬೇಕು. ಮೊದಲನೆಯದಕ್ಕೆ ಕಷಾಯ, ಎರಡನೆಯದಕ್ಕೆ ಅಷ್ಟೇ ಪ್ರಮಾಣದ ಬರೀ ನೀರು, ಮೂರನೆಯದಕ್ಕೆ ಆ ಕಷಾಯಕ್ಕೆ ಹಿಡಿದಷ್ಟೇ ಕಾಂಪೋಸ್ಟನ್ನು ನೇರವಾಗಿ ಬುಡಕ್ಕೆ ಹಾಕಿ, ಅಷ್ಟೇ ನೀರು. ಬರೀ ನೀರಿನ ಪಟ್ಟಿ ಇಲ್ಲದಿದ್ದರೆ ಗಿಡ ಚೇತರಿಸಿಕೊಂಡದ್ದು ನೀರಿನಿಂದಲೋ ಕಷಾಯದಿಂದಲೋ ತಿಳಿಯುವುದಿಲ್ಲ. ತಾಕಿನ ಕನಿಷ್ಠ ಮೂರು ಕಡೆ ಇಂಥ ಪಟ್ಟಿಗಳಿರಬೇಕು. ಪ್ರತಿ ಕೊಯ್ಲಿನಲ್ಲೂ ಪಟ್ಟಿವಾರು ತೂಕ ಮಾಡಿ ಪುಸ್ತಕದಲ್ಲಿ ಬರೆದಿಡಬೇಕು. ಮೂರೂ ಕಡೆ ಕಷಾಯದ ಪಟ್ಟಿಯೇ ಮೇಲುಗೈ ಪಡೆದರೆ ಮುಂದುವರಿಸಬಹುದು. ಕಾಂಪೋಸ್ಟ್ ಪಟ್ಟಿಯೂ ಅಷ್ಟೇ ಕೊಟ್ಟರೆ ಪಂಪು, ಪೀಪಾಯಿಗಳ ಖರ್ಚು ಅನಾವಶ್ಯಕ.

ಗ್ರಾಮಮಟ್ಟದ ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆ ಏರ್ಪಡಿಸುವಾಗಲೂ ಈ ಮೂರು ಪಟ್ಟಿಗಳನ್ನು ತಪ್ಪದೆ ಇಡಬೇಕು. ಒಂದೇ ಪಟ್ಟಿ ತೋರಿಸಿ ಚಪ್ಪಾಳೆ ಗಿಟ್ಟಿಸುವುದು ರೈತರಿಗೆ ಮಾಡುವ ಉಪಕಾರವಲ್ಲ.

ಕೊನೆಯದಾಗಿ, ವರ್ಷದ ಕೆಲಸದ ಕ್ರಮ ಹೀಗಿರಲಿ: ಮೊದಲು ಹೊಲದ ಕಸಕಡ್ಡಿ, ಸೊಪ್ಪುಸದೆ, ಸಗಣಿ, ಗಂಜಲ ಒಂದಿಷ್ಟೂ ಪೋಲಾಗದಂತೆ ಕಾಂಪೋಸ್ಟ್ ಮಾಡುವುದು, ಎರಡನೆಯದಾಗಿ ಹಸಿರೆಲೆ ಗೊಬ್ಬರ ಮತ್ತು ದ್ವಿದಳ ಬೆಳೆಗಳಿಂದ ಭೂಮಿಗೆ ಸಾರಜನಕ ಒದಗಿಸುವುದು, ಇವೆರಡೂ ಆದ ಮೇಲೆ, ಮಿಕ್ಕ ಒಂದು ಬಕೆಟ್ ಒಳ್ಳೆಯ ಕಾಂಪೋಸ್ಟಿನಿಂದ ಸಸಿಮಡಿಗೆ ಕಷಾಯ. ಈ ಕ್ರಮ ತಲೆಕೆಳಗಾಗದಿದ್ದರೆ ಕಾಂಪೋಸ್ಟ್ ಕಷಾಯ ಸಣ್ಣ ರೈತರಿಗೆ ಸಹಾಯಕವಾಗುತ್ತದೆ. ಮಣ್ಣು ಮತ್ತು ನೀರಿನ ಪರೀಕ್ಷೆಗಾಗಿ ರೈತರು ತಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.